ಸಹಾಯ ಬೇಕು: ಕಿವಿ ಸೋರುವಿಕೆ ಮತ್ತು ‘ರೆಸಿಸ್ಟೆಂಟ್’ ಎಂದು ಬಂದಿರುವ ಕಲ್ಚರ್ ವರದಿ

ಗುಂಪಿನಲ್ಲಿರುವ ಕಿವಿ, ಮೂಗು, ಗಂಟಲು ತಜ್ಞರಿಗೂ ಸೂಕ್ಷ್ಮಜೀವಿಶಾಸ್ತ್ರ ಬಲ್ಲವರಿಗೂ ನಮಸ್ಕಾರ.

ಸಕ್ಕರೆ ಕಾಯಿಲೆಯಿರುವ ನನ್ನ ತಾಯಿಯವರಿಗೆ ಎಡಗಿವಿಯ ತಮಟೆಯಲ್ಲಿ ಹಳೆಯ ತೂತೊಂದಿದ್ದು, ಮಳೆಗಾಲ ಶುರುವಾದಾಗಿನಿಂದ ಹಸಿರು ಛಾಯೆಯ, ವಾಸನೆಯುಳ್ಳ ಕೀವು ಸೋರುತ್ತಿದೆ. ಮೊದಲು ಕೊಟ್ಟ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಮಾತ್ರೆಗಳಿಂದ ಗುಣ ಕಾಣಲಿಲ್ಲ. ಕೀವಿನಲ್ಲಿರುವ ಸೂಕ್ಷ್ಮಜೀವಿಯನ್ನು ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಸ್ಯೂಡೊಮೊನಾಸ್ ಏರುಜಿನೋಸಾ ಎಂಬ ಬ್ಯಾಕ್ಟೀರಿಯಾ ಬೆಳೆದ ಮೇಲೆ ಕಾರಣ ತಿಳಿಯಿತು: ಮಕ್ಕಳ ದಿಢೀರ್ ಕಿವಿನೋವಿನಲ್ಲಿ ಹೆಚ್ಚಾಗಿ ಸಿಗುವ ನ್ಯೂಮೊಕಾಕಸ್‌ನಂಥವುಗಳಿಗೆ ನಾಟುವ ಆ ಔಷಧಕ್ಕೆ ಈ ಬ್ಯಾಕ್ಟೀರಿಯಾ ಸ್ವಭಾವತಃ ಬಗ್ಗುವುದಿಲ್ಲ.

ನನ್ನ ಗೊಂದಲ ಇರುವುದು ಮುಂದಿನ ಸಾಲಿನಲ್ಲಿ. ವರದಿಯಲ್ಲಿ ಸಿಪ್ರೊಫ್ಲಾಕ್ಸಸಿನ್ ಎಂಬ ಔಷಧದ ಎದುರು ‘ರೆಸಿಸ್ಟೆಂಟ್’ (ಅದಕ್ಕೆ ಬಗ್ಗುವುದಿಲ್ಲ) ಎಂದಿದ್ದರೂ, ವೈದ್ಯರು ಅದೇ ಔಷಧದ ಕಿವಿಹನಿಯನ್ನು ಮುಂದುವರಿಸಿದ್ದಾರೆ. ಪ್ರಯೋಗಾಲಯದ ಅಳತೆ ಮಾತ್ರೆ ಅಥವಾ ಇಂಜೆಕ್ಷನ್‌ನಿಂದ ರಕ್ತದಲ್ಲಿ ಸಿಗುವ ಔಷಧದ ಮಟ್ಟವನ್ನು ಆಧರಿಸಿದ್ದು, ಹನಿ ಹಾಕಿದಾಗ ಕಿವಿಯೊಳಗಿನ ಸಾಂದ್ರತೆ ಅದಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತದೆ ಎಂಬ ಅವರ ವಿವರಣೆ ನನಗೆ ಒಪ್ಪಿಗೆಯಾಗಿದೆ. ಆದರೆ ನಿಮ್ಮ ಅನುಭವದಲ್ಲಿ ಹೀಗೆ ಎಷ್ಟು ದಿನ ಕಾದು ನೋಡಿ ಔಷಧ ಬದಲಿಸುತ್ತೀರಿ? ಜೆಂಟಾಮೈಸಿನ್ ಎಂಬ ಇನ್ನೊಂದು ಔಷಧದ ಎದುರು ‘ಸೆನ್ಸಿಟಿವ್’ (ಅದಕ್ಕೆ ಬಗ್ಗುತ್ತದೆ) ಎಂದಿದೆಯಾದರೂ, ತೂತಿರುವ ತಮಟೆಯ ಮೂಲಕ ಅದು ಒಳಗಿವಿಗೆ ಇಳಿದು ಶ್ರವಣಶಕ್ತಿಗೆ ಹಾನಿ ಮಾಡಬಹುದೆಂಬ ಭಯವಿದೆ. ಹನಿ ಹಾಕುವ ಮುನ್ನ ಮನೆಯಲ್ಲಿ ಹತ್ತಿಯ ಬತ್ತಿಯಿಂದ ಕೀವು ಒರೆಸಿದರೆ ಸಾಕೇ, ಅಥವಾ ಆಸ್ಪತ್ರೆಯಲ್ಲಿ ಸಕ್ಷನ್ (ಯಂತ್ರದಿಂದ ಕೀವು ಹೀರಿ ತೆಗೆಯುವುದು) ಮಾಡಿಸುವುದೇ ಲೇಸೇ?

ತೀವ್ರ ನೋವಾಗಲಿ, ಮುಖ ಸೊಟ್ಟಗಾಗುವುದಾಗಲಿ ಇಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಸೋಂಕು ಮೂಳೆಗೆ ಹಬ್ಬುವ ಅಪಾಯವಿರುವುದರಿಂದ ಇದನ್ನು ತಿಳಿಸುತ್ತಿದ್ದೇನೆ. ಬಿಸಿ ಎಣ್ಣೆ, ಬೆಳ್ಳುಳ್ಳಿ ರಸದ ಸಲಹೆಗಳು ನೆಂಟರಿಂದ ಈಗಾಗಲೇ ಧಾರಾಳವಾಗಿ ಬಂದಿವೆ, ದಯವಿಟ್ಟು ಅವು ಬೇಡ. ಸೋಮವಾರ ಮತ್ತೆ ವೈದ್ಯರನ್ನು ಕಾಣಲಿದ್ದೇವೆ; ಅಷ್ಟರೊಳಗೆ ಉತ್ತರಿಸಿದರೆ ಉಪಕಾರವಾಗುತ್ತದೆ.