ಎರಡನೆಯ ಸೆಟ್ ಮತ್ತು ಸೆಟ್ ದೋಸೆ

ಇಂಗ್ಲೆಂಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳ ಕನ್ನಡದಲ್ಲಿ ನುಸುಳುವ ಇಂಗ್ಲಿಷ್ ಪದಗಳನ್ನು ತಿದ್ದಬೇಕೇ ಎಂಬ ಮಾತು ಇಲ್ಲಿನ ನಮ್ಮ ಕನ್ನಡಿಗರ ಗುಂಪಿನಲ್ಲಿ ಮತ್ತೆ ಬಂದಿದೆ. ನಾನಂತೂ ಮೇಷ್ಟರಂತೆ ತಿದ್ದುತ್ತಿದ್ದವನು. ಈ ಮಳೆಗಾಲದಲ್ಲಿ ತೀರ್ಥಹಳ್ಳಿಯ ಮನೆಗೆ ಹೋಗಿ ಬಂದ ಮೇಲೆ ಆ ಉತ್ಸಾಹ ಇಳಿದಿದೆ.

ಇಂಗ್ಲೆಂಡಿನ ಅನೇಕ ಶಾಲೆಗಳಲ್ಲಿ ಕಲಿಕೆಯ ಮಟ್ಟ ನೋಡಿ ಮಕ್ಕಳನ್ನು ಗುಂಪು ಮಾಡುತ್ತಾರಲ್ಲ, ಅದಕ್ಕೆ ಅವರು ‘ಸೆಟ್’ ಎನ್ನುತ್ತಾರೆ. ಮಗಳು ಜಗಲಿಯಲ್ಲಿ ಕುಳಿತು, “ಅಜ್ಜಿ, ಗಣಿತದಲ್ಲಿ ನಾನು ಎರಡನೆಯ ಸೆಟ್” ಎಂದಳು. ಅಮ್ಮನಿಗೆ ಕಿವಿ ಸ್ವಲ್ಪ ಮಂದ. “ಎರಡು ಸೆಟ್ ಯಾಕೆ ಮಗಾ, ಹೊಟ್ಟೆ ತುಂಬುವಷ್ಟು ಹೊಯ್ದು ಕೊಡುತ್ತೇನೆ” ಎಂದು ದೋಸೆ ಹಿಟ್ಟಿನತ್ತ ನಡೆದರು. ಹೊಳೆ ಏರಿದ್ದ ದಿನಗಳವು. ಅಪ್ಪನ ಜೀವವೆಲ್ಲ ದಂಡೆಯ ಮೇಲಿದ್ದ ಪಂಪ್‌ಸೆಟ್ಟಿನಲ್ಲಿತ್ತು. ಪತ್ರಿಕೆಯಿಂದ ತಲೆಯೆತ್ತಿ, “ಸೆಟ್ಟಿಗೆ ನೀರು ಬಂತೇ?” ಎಂದು ಎದ್ದೇಬಿಟ್ಟರು.

ಇವರಾರದೂ ತಪ್ಪಲ್ಲ. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ಈ ಪುಟ್ಟ ಪದದ್ದೇ. ಕ್ರಿಯಾಪದವೊಂದಕ್ಕೇ ಸುಮಾರು 430 ಅರ್ಥಗಳು. ಸಾಲದ್ದಕ್ಕೆ ಅದರ ಬೇರೂ ಒಂದಲ್ಲ. ಇಡು, ಕೂರಿಸು ಎನ್ನುವ ‘ಸೆಟ್’ ಹಳೆಯ ಇಂಗ್ಲಿಷಿನದು, ‘ಸಿಟ್’ ಪದದ ಒಡಹುಟ್ಟು. ಗುಂಪು ಎನ್ನುವ ‘ಸೆಟ್’ ಲ್ಯಾಟಿನ್ನಿನ ‘ಸೆಕ್ಟ’ದಿಂದ ಹಳೆಯ ಫ್ರೆಂಚಿನ ದಾರಿ ಹಿಡಿದು ಬಂದದ್ದು. ಎರಡೂ ಒಂದೇ ಮನೆಯಲ್ಲಿದ್ದು ಬೆರೆತು ಹೋದವು.

ಮರುದಿನ ಆಗುಂಬೆಗೆ ಹೊರಟೆವು. ಜುಲೈ ತಿಂಗಳಲ್ಲಿ ಅಲ್ಲಿ ಸೂರ್ಯಾಸ್ತ ನೋಡಲು ಹೋಗುವವನಿಗೆ ಏನೆನ್ನಬೇಕೋ ನೀವೇ ಹೇಳಿ. ಘಾಟಿಯ ತಿರುವಿನಲ್ಲಿ ನಿಂತರೆ ಮುಂದಿನ ಕಟ್ಟೆಯೂ ಕಾಣದಷ್ಟು ಮಂಜು. ಮಗಳು ಛತ್ರಿಯೊಳಗಿನಿಂದಲೇ, “ಸೂರ್ಯ ಸೆಟ್ ಆಯಿತೇ?” ಎಂದಳು. ತಮ್ಮನ ಮಗನಿಗೆ ನಗು ತಡೆಯಲಾಗಲಿಲ್ಲ. “ಅದೇನು ರಿಪೇರಿಗೆ ಹೋಗಿತ್ತೇ? ಸೂರ್ಯ ಮುಳುಗುತ್ತಾನೆ ಕಣೇ” ಎಂದ. ಹಾಗಾದರೆ ಮೊಸರು? ಹೆಪ್ಪುಗಟ್ಟುತ್ತದೆ. ಮುರಿದ ಮೂಳೆ? ಕೂಡಿಸುತ್ತಾರೆ. ಹೂವು ಉದುರಿದ ಮೇಲೆ ಮರದಲ್ಲಿ? ಕಾಯಿ ಕಚ್ಚುತ್ತದೆ. ಊಟದ ಮೇಜು? ಎಲೆ ಹಾಕುತ್ತೇವೆ. ಇಂಗ್ಲಿಷಿನಲ್ಲಿ ಎಲ್ಲಕ್ಕೂ ‘ಸೆಟ್’ ಒಂದೇ ಸಾಕು. ಬೇಗ ಬಿಡದಂತೆ ಶುರುವಾದ ಮಳೆಗೂ ಅವರು ‘ಸೆಟ್ ಇನ್’ ಎನ್ನುತ್ತಾರೆ ಎಂದು ಮಗಳು ನೆನಪಿಸಿದಳು. ಅದಕ್ಕೆ ಹುಡುಗ ಆಕಾಶದತ್ತ ಕೈ ತೋರಿಸಿ, “ಮಳೆ ಹಿಡಿಯಿತು” ಎಂದ.

ಇಷ್ಟು ವರ್ಷ ನಾನು ಮಾಡುತ್ತಿದ್ದದ್ದು ಒಂದು ಇಂಗ್ಲಿಷ್ ಪದಕ್ಕೆ ಒಂದು ಕನ್ನಡ ಪದವನ್ನು ಜೋಡಿಸಿ ಕೊಡುವ ಕೆಲಸ. ‘ಹಿಡಿ’ ಎಂದರೆ ಕೈಯಲ್ಲಿ ಹಿಡಿಯುವುದು, ಅಷ್ಟೇ ಎಂದು ಹೇಳಿಕೊಟ್ಟವನು ನಾನೇ. ಅಜ್ಜಿಯ ಬಾಯಲ್ಲಿ ಅದು ಎಲ್ಲೆಲ್ಲಿ ಬರುತ್ತದೆ ಎಂದು ಮಗಳು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದಳು: ಅನ್ನ ತಳ ಹಿಡಿಯಿತು, ಬಟ್ಟೆಗೆ ಬೂಷ್ಟು ಹಿಡಿಯಿತು, ಕತ್ತಿಗೆ ತುಕ್ಕು ಹಿಡಿಯಿತು, ಹುಡುಗ ಹಟ ಹಿಡಿದ, ಬಸ್ಸು ಹಿಡಿ. ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವು ಕೊಡದೆ ತೋಟದ ಅಡಿಕೆಗೆ ಕೊಳೆ ಹಿಡಿದದ್ದೂ ಆ ಪಟ್ಟಿಗೆ ಸೇರಿತು. ಹೊರಡುವ ಹೊತ್ತಿಗೆ ಹದಿನೇಳಾಗಿದ್ದವು.

ಕಳೆದ ಭಾನುವಾರ ಫೋನಿನಲ್ಲಿ, “ಅಜ್ಜಿ, ಮಳೆ ಬಿಟ್ಟಿತೇ?” ಎಂದು ಕೇಳಿದವಳು ತಟ್ಟನೆ ಮಾತು ನಿಲ್ಲಿಸಿ, ನೋಟ್‌ಬುಕ್ ತರಲು ಒಳಗೆ ಓಡಿದಳು. ಹೊಸ ಪುಟದ ಮೇಲೆ ‘ಬಿಡು’ ಎಂದು ಬರೆದಿದ್ದಾಳೆ.