ಸಹಾಯ ಬೇಕು: ‘ರಿಮಿಟ್’ ಪದಕ್ಕೆ ನಮ್ಮ ಕಡೆಯ ಉದಾಹರಣೆಗಳು

ತೀರ್ಥಹಳ್ಳಿ, ಹೊಸನಗರ ಕಡೆಯ ಪದವಿ ಮಕ್ಕಳಿಗೆ ಕಚೇರಿ ಇಂಗ್ಲಿಷ್ ಹೇಳಿಕೊಡಲು ‘ರಿಮಿಟ್’ ಕ್ರಿಯಾಪದದ ಟಿಪ್ಪಣಿ ಸಿದ್ಧವಾಗುತ್ತಿದೆ. ಇದು ಲ್ಯಾಟಿನ್ ಮೂಲದ್ದು, ‘ಹಿಂದಕ್ಕೆ ಕಳಿಸು’ ಅಂತ. ಈಗಿನ ಬಳಕೆಯಲ್ಲಿ ಹಣ ಕಳಿಸು, ಶಿಕ್ಷೆ ಅಥವಾ ಬಾಕಿ ಮನ್ನಾ ಮಾಡು, ಪ್ರಕರಣವನ್ನು ಕೆಳ ನ್ಯಾಯಾಲಯಕ್ಕೆ ಮರಳಿಸು.

ಮಕ್ಕಳು ಎಡವುವುದು ವಾಕ್ಯದ ಜೋಡಣೆಯಲ್ಲಿ. ‘ಪೇ ದಿ ಸೊಸೈಟಿ 500 ರುಪೀಸ್’ ಸರಿ. ಅದೇ ಅಚ್ಚಿನಲ್ಲಿ ‘ರಿಮಿಟ್ ದಿ ಸೊಸೈಟಿ’ ಅಂದರೆ ಕಿವಿಗೆ ಕೂರುವುದಿಲ್ಲ. ಮೊದಲು ಹಣ, ಆಮೇಲೆ ‘ಟು’, ಕೊನೆಗೆ ಪಡೆಯುವವರು: ‘ರಿಮಿಟ್ 500 ರುಪೀಸ್ ಟು ದಿ ಸೊಸೈಟಿ’. ನಾಮಪದವೂ ಬೇರೆ ಬೇರೆ: ಹಣಕ್ಕೆ ‘ರಿಮಿಟೆನ್ಸ್’, ಶಿಕ್ಷೆ ಕಡಿತಕ್ಕೆ ‘ರಿಮಿಷನ್’. ಅದಲುಬದಲಾದರೆ ಅರ್ಥವೇ ಕೆಟ್ಟಿತು. ‘ರಿಮಿಟೆಡ್’ನಲ್ಲಿ ‘ಟಿ’ ಎರಡು, ಏಕೆಂದರೆ ಮೂಲ ಪದದ ಒತ್ತು ಕೊನೆಯ ‘ಮಿಟ್’ ಮೇಲಿದೆ. ಹೋಟೆಲಿನ ಕಾಫಿ ದುಡ್ಡಿಗೆ ಈ ಪದ ಖಂಡಿತ ಬೇಡ.

ಅಡಿಕೆ ಸೊಸೈಟಿ ನೋಟಿಸು, ಬ್ಯಾಂಕ್ ಚಲನ್, ಕೋರ್ಟ್ ಆದೇಶದಲ್ಲಿ ಈ ಪದ ಕಂಡವರು ಆ ವಾಕ್ಯವನ್ನು ಇಲ್ಲಿ ಹಾಕಿ. ಹೆಸರು, ಖಾತೆ ಸಂಖ್ಯೆ ತೆಗೆದುಬಿಡಿ. ಮನ್ನಾ ಅರ್ಥದ ವಾಕ್ಯಗಳೇ ಕಡಿಮೆ ಇವೆ, ಅವು ಮೊದಲು ಬೇಕು.