ಹಲಸಿನ ಬೇಳೆ ಪ್ರೋಟೀನಿನ ಸಕ್ಕರೆ ಸರಪಳಿ: ಪೀಕ್ ಯಾಕೆ ಬರಲಿಲ್ಲ?

ಪ್ರಶ್ನೆ (ಕಾರವಾರದಿಂದ, ಎಂ.ಎಸ್ಸಿ. ವಿದ್ಯಾರ್ಥಿನಿ):

ಅಕ್ಕಾ, ನಮಸ್ಕಾರ. ನನ್ನ ಪ್ರಾಜೆಕ್ಟು ಹಲಸಿನ ಬೇಳೆಯ ಜಾಕಲಿನ್ ಪ್ರೋಟೀನ್ ಮೇಲೆ. ಬೇಳೆ ಶಿರಸಿಯ ಅಜ್ಜನ ಮನೆಯದು. ಗ್ಯಾಲಕ್ಟೋಸ್ (ಒಂದು ಬಗೆಯ ಸಕ್ಕರೆ) ಕಾಲಮ್‌ನಲ್ಲಿ ಹಿಡಿದು, ಗ್ಯಾಲಕ್ಟೋಸ್ ಹಾಕಿಯೇ ಇಳಿಸಿಕೊಂಡೆ. ಪ್ರೋಟೀನನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ನಲ್ಲಿ ಎರಡು ಬ್ಯಾಂಡ್ ಸ್ಪಷ್ಟವಾಗಿ ಬಂದವು. ಆಮೇಲೆ ಸಕ್ಕರೆ ಸರಪಳಿ ಬಿಡಿಸಲು ಪಿಎನ್‌ಜಿಯೇಸ್ ಎಫ್ ಕಿಣ್ವ ಹಾಕಿ, ಎಪಿಟಿಎಸ್ ಬಣ್ಣ ಹಚ್ಚಿ, ಬೆಂಗಳೂರಿನ ಲ್ಯಾಬ್ ಒಂದರಲ್ಲಿ ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್ (ಸಣ್ಣ ಕೊಳವೆಯಲ್ಲಿ ವಿದ್ಯುತ್ತಿನಿಂದ ಬೇರ್ಪಡಿಸುವುದು) ಮಾಡಿಸಿದೆ. ಗ್ರಾಫಿನ ಶುರುವಿನಲ್ಲೇ ಭಾರೀ ಪೀಕ್, ಮುಂದೆ ಖಾಲಿ. ಇದಕ್ಕೆ ಸಕ್ಕರೆ ಸರಪಳಿ ಇಲ್ಲ ಅಂತ ಬರೆದುಬಿಡಲಾ?

ಉತ್ತರ (ಶಿರಸಿ ಮೂಲ, ಔಷಧ ಕಂಪನಿಯಲ್ಲಿ ಗ್ಲೈಕಾನ್ (ಸಕ್ಕರೆ ಸರಪಳಿ) ವಿಶ್ಲೇಷಣೆಯ ಕೆಲಸ):

ಬರೀಬೇಡ ತಂಗಿ. ಸರಪಳಿ ಇದೆ. ನಿನ್ನ ಜೆಲ್ಲೇ ಅದನ್ನು ಹೇಳುತ್ತಿದೆ. ಎರಡು ಬ್ಯಾಂಡ್‌ಗಳಲ್ಲಿ ಮೇಲಿನದು ಸಕ್ಕರೆ ಹೊತ್ತದ್ದು. ನೀನು ಹಾಕಿದ ಕಿಣ್ವಕ್ಕೆ ಅದನ್ನು ಬಿಡಿಸಲು ಆಗಲಿಲ್ಲ, ಅಷ್ಟೇ.

ಪಿಎನ್‌ಜಿಯೇಸ್ ಎಫ್ ಪ್ರಾಣಿಗಳ ಪ್ರೋಟೀನ್‌ಗೆ ಒಳ್ಳೆಯ ಕಿಣ್ವ. ಪ್ರೋಟೀನಿನ ಆಸ್ಪರಾಜಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿದ ಸರಪಳಿಯನ್ನು ಬುಡದಲ್ಲೇ ಕತ್ತರಿಸುತ್ತದೆ. ಆದರೆ ಗಿಡಗಳಲ್ಲಿ ಬುಡದ ಮೊದಲ ಸಕ್ಕರೆಯ ಮೂರನೇ ಸ್ಥಾನಕ್ಕೆ ಫ್ಯೂಕೋಸ್ ಎಂಬ ಇನ್ನೊಂದು ಸಕ್ಕರೆ ಅಂಟಿರುವುದು ಮಾಮೂಲು. ಅದಿದ್ದರೆ ಈ ಕಿಣ್ವ ಕತ್ತರಿಸುವುದಿಲ್ಲ. ಪ್ರಾಣಿಗಳಲ್ಲಿ ಆ ಫ್ಯೂಕೋಸ್ ಸಾಮಾನ್ಯವಾಗಿ ಆರನೇ ಸ್ಥಾನದಲ್ಲಿರುತ್ತದೆ, ಅಲ್ಲಿ ತೊಂದರೆಯಿಲ್ಲ. ನಿನಗೆ ಬೇಕಾದದ್ದು ಬಾದಾಮಿಯಿಂದ ತೆಗೆಯುವ ಪಿಎನ್‌ಜಿಯೇಸ್ ಎ. ಅದಕ್ಕೆ ಇಡೀ ಪ್ರೋಟೀನ್ ಕೊಟ್ಟರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೊದಲು ಪ್ರೋಟೀನ್ ಕತ್ತರಿಸುವ ಟ್ರಿಪ್ಸಿನ್ ಕಿಣ್ವ ಹಾಕಿ ತುಂಡು ಮಾಡು, ಕುದಿಸಿ ಟ್ರಿಪ್ಸಿನ್ ನಿಲ್ಲಿಸು, ಪಿಎಚ್ 5ರ ಹತ್ತಿರ ತಂದು ಆಮೇಲೆ ಇದನ್ನು ಹಾಕು.

ಇನ್ನು ಆ ಭಾರೀ ಪೀಕ್. ಒಂದಿಷ್ಟು ಉಳಿದ ಬಣ್ಣ ಇರಬಹುದು. ಆದರೆ ನನಗೆ ಜಾಸ್ತಿ ಅನುಮಾನ ನೀನು ಇಳಿಸಲು ಬಳಸಿದ ಗ್ಯಾಲಕ್ಟೋಸ್ ಮೇಲೆ. ಎಪಿಟಿಎಸ್ ಸಕ್ಕರೆಯ ತೆರೆದ ತುದಿಗೆ ಅಂಟುವ ಬಣ್ಣ. ಅದು ಪ್ರೋಟೀನಿನಿಂದ ಬಂದದ್ದೋ ಬಾಟಲಿಯಿಂದ ಬಂದದ್ದೋ ಅಂತ ನೋಡುವುದಿಲ್ಲ. ಬಿಡಿ ಗ್ಯಾಲಕ್ಟೋಸ್ ಉಳಿದಿದ್ದರೆ ಬಣ್ಣವನ್ನೆಲ್ಲ ಅದೇ ನುಂಗುತ್ತದೆ. ಬರೀ ಡಯಾಲಿಸಿಸ್ (ಪೊರೆಯ ಚೀಲದಲ್ಲಿಟ್ಟು ತೊಳೆಯುವುದು) ನಂಬಬೇಡ. ಬಿಡಿ ಸಕ್ಕರೆ ಸೋರಿಹೋಗಿ ಪ್ರೋಟೀನ್ ಉಳಿಯುವ 10 ಕಿಲೋಡಾಲ್ಟನ್ ಸ್ಪಿನ್ ಫಿಲ್ಟರ್‌ನಲ್ಲಿ ಹಾಕಿ ಚೆನ್ನಾಗಿ ತೊಳಿ. ಜೊತೆಗೆ ಕಿಣ್ವ ಹಾಕದ ಒಂದು ಟ್ಯೂಬಿಗೂ ಬಣ್ಣ ಹಚ್ಚಿ ಓಡಿಸು. ಅದರಲ್ಲೂ ಅದೇ ಪೀಕ್ ಬಂದರೆ ಅದು ಸರಪಳಿಯದ್ದಲ್ಲ. ಸರಪಳಿ ಮೊದಲೇ ಗೊತ್ತಿರುವ ರೈಬೋನ್ಯೂಕ್ಲಿಯೇಸ್ ಬಿ ಪ್ರೋಟೀನ್ ಕೂಡ ಒಂದು ಟ್ಯೂಬಿನಲ್ಲಿ ಇರಲಿ. ಅದರಲ್ಲಿ 5ರಿಂದ 9 ಮ್ಯಾನೋಸ್ ಸಕ್ಕರೆ ಇರುವ ಸರಪಳಿಗಳು ಬರಲೇಬೇಕು. ಬಂದರೆ ಬಣ್ಣ ಹಚ್ಚಿದ್ದು, ಓಡಿಸಿದ್ದು ಸರಿ ಅಂತ ಧೈರ್ಯ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬಣ್ಣ ಹಚ್ಚುವಾಗ ಬಳಸುವ ಸೋಡಿಯಂ ಸಯನೋಬೋರೋಹೈಡ್ರೈಡ್ ಆಮ್ಲದ ಜೊತೆ ಸೇರಿದರೆ ಹೈಡ್ರೋಜನ್ ಸಯನೈಡ್ ಬಿಡುತ್ತದೆ. ಫ್ಯೂಮ್ ಹುಡ್ ಇಲ್ಲದೆ ಮುಟ್ಟಬೇಡ. ಅದರ ಬದಲು ಪಿಕೋಲಿನ್ ಬೋರೇನ್ ಸಿಕ್ಕರೆ ಅದೇ ವಾಸಿ.

ಪ್ರಶ್ನೆ (ಕುಮಟಾದಿಂದ):

ನಡುವೆ ಕೇಳ್ತಿದ್ದೇನೆ, ಬೇಜಾರಾಗಬೇಡಿ. ಅಪ್ಪನ ಶುಗರ್ ರಿಪೋರ್ಟಿನಲ್ಲಿ ಎಚ್‌ಬಿಎ1ಸಿ ಅಂತ ಇದೆ. ಕೆಳಗೆ ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್ ಅಂತಲೂ ಬರೆದಿದ್ದಾರೆ. ಇದೂ ಅದೇನಾ ಮೇಡಂ?

ಉತ್ತರ:

ಯಂತ್ರದ ತತ್ವ ಒಂದೇ, ನೋಡುವ ವಸ್ತು ಬೇರೆ. ನಾವು ಮಾತಾಡುತ್ತಿರುವುದು ಜೀವಕೋಶ ತಾನೇ ಕಿಣ್ವಗಳಿಂದ ಕಟ್ಟಿದ ಸರಪಳಿ. ಎಚ್‌ಬಿಎ1ಸಿಯಲ್ಲಿ ರಕ್ತದ ಗ್ಲೂಕೋಸ್ ಯಾವ ಕಿಣ್ವವೂ ಇಲ್ಲದೆ ಹಿಮೋಗ್ಲೋಬಿನ್‌ಗೆ ಅಂಟಿಕೊಂಡಿರುತ್ತದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಹಾಗಾಗಿ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ರಿಪೋರ್ಟಿನ ಅಂಕಿ ಡಾಕ್ಟರಿಗೇ ತೋರಿಸಿ.

ಪ್ರಶ್ನೆ (ಕಾರವಾರದ ವಿದ್ಯಾರ್ಥಿನಿ):

ಅರ್ಥ ಆಯ್ತು ಅಕ್ಕಾ. ಮುಂದಿನ ಸಲ ಪೀಕ್ ಬಂದರೆ ಅಷ್ಟು ಸಾಕಾ? ಅಣುವಿನ ತೂಕ ನೋಡುವ ಮಾಸ್ ಸ್ಪೆಕ್ಟ್ರೋಮೀಟರಿಗೂ ಕೊಡಬೇಕಾ? ಗೈಡ್ ಖರ್ಚು ಕೇಳ್ತಾರೆ.

ಉತ್ತರ:

ಕೊಡು. ಈ ವಿಷಯದಲ್ಲಿ ನನಗೆ ಹಟವೇ ಇದೆ. ಒಂದೇ ಯಂತ್ರ ನೋಡಿ ಸರಪಳಿಗೆ ಹೆಸರಿಡಬಾರದು.

ಕ್ಯಾಪಿಲರಿಯ ಒಳಗಿನ ಅಗಲ ಸುಮಾರು 50 ಮೈಕ್ರಾನ್, ತಲೆಗೂದಲಿಗಿಂತ ಕಿರಿದು. ಸುಮಾರು 30,000 ವೋಲ್ಟ್ ಕೊಡುತ್ತೇವೆ. ಎಪಿಟಿಎಸ್‌ನ ಮೂರು ಋಣ ಚಾರ್ಜ್ ಸರಪಳಿಯನ್ನು ಎಳೆದೊಯ್ಯುತ್ತದೆ. ಚಿಕ್ಕದು ಮೊದಲು, ದೊಡ್ಡದು ಆಮೇಲೆ. ಗ್ಲೂಕೋಸ್ ಏಣಿಯ (ಒಂದೊಂದೇ ಗ್ಲೂಕೋಸ್ ಹೆಚ್ಚುತ್ತ ಹೋಗುವ ಸರಪಳಿಗಳು) ಪಕ್ಕ ಇಟ್ಟು ಪ್ರತಿ ಪೀಕಿಗೆ ಜಿಯು (ಗ್ಲೂಕೋಸ್ ಯೂನಿಟ್) ಅಂಕಿ ಕೊಡುತ್ತೇವೆ. ಇಲ್ಲಿ ಆಕಾರವೂ ಲೆಕ್ಕಕ್ಕೆ ಬರುತ್ತದೆ. ನಾನು ದಿನಾ ನೋಡುವ ಆಂಟಿಬಾಡಿಯಲ್ಲಿ ಒಂದೇ ಗ್ಯಾಲಕ್ಟೋಸ್ ಎರಡು ಕೊಂಬೆಗಳಲ್ಲಿ ಯಾವುದಕ್ಕೆ ಅಂಟಿದೆ ಎಂಬುದರ ಮೇಲೆ ಎರಡು ಬೇರೆ ಪೀಕ್ ಬರುತ್ತವೆ. ತೂಕ ಮಾತ್ರ ಎರಡಕ್ಕೂ ಒಂದೇ. ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಬರೀ ತೂಕ ನೋಡಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಹಾಗಂತ ಪೀಕಿನ ಜಾಗ ನೋಡಿ ಒಳಗೆ ಏನಿದೆ ಅಂತ ಹೇಳಲೂ ಆಗದು. ಬೇರೆ ಬೇರೆ ಸರಪಳಿಗಳು ಒಂದೇ ಹೊತ್ತಿಗೆ ಬರಬಹುದು. ಅಲ್ಲಿ ತೂಕ ಬೇಕು. ಗಿಡದ ಸಾಮಾನ್ಯ ಸರಪಳಿ ತಗೋ: ಮೂರು ಮ್ಯಾನೋಸ್, ಎರಡು ಎನ್-ಅಸಿಟೈಲ್ ಗ್ಲೂಕೋಸಮೈನ್, ಒಂದು ಕ್ಸೈಲೋಸ್, ಒಂದು ಫ್ಯೂಕೋಸ್. ತೂಕ 1188.4. ಎಪಿಟಿಎಸ್ ಸೇರಿದರೆ 1629.4. ಯಂತ್ರ ತೂಕವನ್ನು ಚಾರ್ಜಿನಿಂದ ಭಾಗಿಸಿ ತೋರಿಸುತ್ತದೆ, ಹಾಗಾಗಿ ಎರಡು ಋಣ ಚಾರ್ಜ್ ಇರುವ ಅಯಾನಾಗಿ 813.7ರಲ್ಲಿ ಹುಡುಕು. ಫ್ಯೂಕೋಸ್ ಇಲ್ಲದ್ದು ಅದಕ್ಕಿಂತ 73 ಕೆಳಗೆ ಕಾಣುತ್ತದೆ. ಸರಪಳಿಯಲ್ಲಿ ಮ್ಯಾನೋಸ್, ಗ್ಯಾಲಕ್ಟೋಸ್ ಎರಡರ ತೂಕವೂ 162 ತಾನೆ? ಅದನ್ನು ಬೇರೆ ಮಾಡಲು ಕಿಣ್ವವೇ ಗತಿ. ಮ್ಯಾನೋಸ್ ಕತ್ತರಿಸುವ ಕಿಣ್ವ ಹಾಕಿ ಮತ್ತೆ ಕ್ಯಾಪಿಲರಿಯಲ್ಲಿ ಓಡಿಸು. ಪೀಕ್ ಮುಂಚೆ ಬಂದರೆ ತುದಿಯಲ್ಲಿದ್ದದ್ದು ಮ್ಯಾನೋಸ್.

ಕ್ಯಾಪಿಲರಿಯನ್ನು ನೇರ ಮಾಸ್ ಸ್ಪೆಕ್ಟ್ರೋಮೀಟರಿಗೆ ಜೋಡಿಸಲೂ ಬರುತ್ತದೆ. ಆದರೆ ಕಿಟ್ಟಿನ ಜೆಲ್ ಬಫರ್ ಅಲ್ಲಿ ನಡೆಯದು, ಪಾಲಿಮರ್ ಹೋಗಿ ಯಂತ್ರ ಕೊಳೆಯಾಗುತ್ತದೆ. ಅಮೋನಿಯಂ ಅಸಿಟೇಟ್ ಥರ ಆವಿಯಾಗಿ ಹೋಗುವ ಬಫರ್ ಬೇಕು. ನಿನ್ನ ಪ್ರಾಜೆಕ್ಟಿಗೆ ಅಷ್ಟು ರಗಳೆ ಬೇಡ. ಬಣ್ಣ ಹಚ್ಚಿದ ಒಂದೇ ಮಾದರಿಯನ್ನು ಎರಡು ಪಾಲು ಮಾಡಿ ಎರಡೂ ಕಡೆ ಬೇರೆ ಬೇರೆ ಕೊಡು.

ಟ್ಯೂಬಿಗೆ ಬೆಳಕು ತಾಗದ ಹಾಗೆ ಫಾಯಿಲ್ ಸುತ್ತಿ, ಐಸ್‌ನಲ್ಲಿಟ್ಟು ಕಳಿಸು. ಹೊಸದಾಗಿ ಪ್ರೋಟೀನ್ ತೆಗೆಯುವುದಾದರೆ ಮೊಳಕೆ ಬಂದ ಬೇಳೆ ತಗೋಬೇಡ, ಅದರಲ್ಲಿ ಪ್ರೋಟೀನ್ ಒಡೆಯಲು ಶುರುವಾಗಿರುತ್ತದೆ. ಪೀಕ್ ಬಂದ ಮೇಲೆ ಚಿತ್ರ ಇಲ್ಲೇ ಹಾಕು, ಜಿಯು ಲೆಕ್ಕ ಒಟ್ಟಿಗೆ ನೋಡೋಣ.